ಊರಿಗೆಲ್ಲ ಒಂದೇ ಹಂಡೆ

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳನೆ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಎಳೆದು, ಕೊರಳಿಗೆ ಹೂವಿನ ಸರ ಕಟ್ಟಿ, ಹೊಸ ನೀರು ತುಂಬಿ ಪೂಜಿಸುವ ಪದ್ಧತಿಯನ್ನು ಕನ್ನಡ ನಾಡಿನ ಅನೇಕ ಕುಟುಂಬಗಳು ಇಂದಿಗೂ ಬಿಟ್ಟಿಲ್ಲ. ಮರುದಿನ ಬೆಳಗಿನ ಜಾವ ಆ ಹಂಡೆಯ ಕೆಳಗೆ ಉರಿ ಹಾಕುವವರು ಯಾರು ಎಂಬುದಷ್ಟೇ ಪ್ರಶ್ನೆ. ಚಳಿಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು, ತೆಂಗಿನ ಮಟ್ಟೆ, ಸೌದೆಗಳನ್ನು ಒಟ್ಟಿ, ಹೊಗೆಗೆ ಕಣ್ಣೊರಸಿಕೊಳ್ಳುತ್ತ ಒಲೆಯ ಮುಂದೆ ಕೂಡುವವಳು ಸಾಮಾನ್ಯವಾಗಿ ಮನೆಯ ತಾಯಿಯೇ.

ಹಂಡೆ ಮರೆಯಾದ ಪಟ್ಟಣದ ಮನೆಗಳಲ್ಲಿ ಈಗ ಆ ಸ್ಥಾನವನ್ನು ಗೋಡೆಗೆ ತೂಗಿಬಿದ್ದ ಗೀಸರ್ ಆಕ್ರಮಿಸಿದೆ. ಈ ಹೆಸರು ಎಲ್ಲಿಂದ ಬಂದಿತೆಂದು ಯೋಚಿಸುವವರು ವಿರಳ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಧ್ರುವವೃತ್ತದ ಅಂಚಿನಲ್ಲಿ, ಐಸ್‌ಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಒಂದು ಕಣಿವೆಯಲ್ಲಿ ಕುದಿಯುವ ನೀರನ್ನು ಆಕಾಶಕ್ಕೆ ಚಿಮ್ಮಿಸುತ್ತಿದ್ದ ಒಂದು ಬುಗ್ಗೆಗೆ ಜನರು ‘ಗೇಸಿರ್’ ಎಂದು ಹೆಸರಿಟ್ಟರು. ಉಕ್ಕಿ ನುಗ್ಗುವುದು ಎಂಬುದೇ ಆ ಶಬ್ದದ ಭಾವ. ಆ ಒಂದು ಬುಗ್ಗೆಯ ಹೆಸರು ಇಂಗ್ಲಿಷ್ ಭಾಷೆಯನ್ನು ಸೇರಿ, ಅಂತಹ ಎಲ್ಲ ಬುಗ್ಗೆಗಳ ಹೆಸರಾಗಿ, ಕೊನೆಗೆ ಬೆಂಗಳೂರು ಮೈಸೂರುಗಳ ಬಚ್ಚಲುಮನೆಯವರೆಗೆ ನಡೆದುಬಂದಿದೆ.

ಲೋಕಕ್ಕೆ ಈ ಹೆಸರನ್ನು ಕೊಟ್ಟ ದ್ವೀಪದಲ್ಲಿ ಮಾತ್ರ ಬಹುಪಾಲು ಮನೆಗಳಲ್ಲಿ ನೀರು ಕಾಯಿಸುವ ಒಲೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ನಲ್ಲಿ ತಿರುಗಿಸಿದರೆ ಭೂಗರ್ಭದ ಉಷ್ಣದಿಂದ ಕಾದ ನೀರು ಹಗಲಿರುಳೆನ್ನದೆ ಬರುತ್ತದೆ. ಅದೇ ನೀರು ಗೋಡೆಯಂಚಿನ ಕಬ್ಬಿಣದ ಕೊಳವೆಗಳಲ್ಲಿ ಹರಿದು ಕೋಣೆಗಳನ್ನೆಲ್ಲ ಬೆಚ್ಚಗಿಡುತ್ತದೆ. 4 ಲಕ್ಷದಷ್ಟು ಜನಸಂಖ್ಯೆಯ ಈ ದೇಶದಲ್ಲಿ ಸುಮಾರು 10ಕ್ಕೆ 9 ಮನೆಗಳು ಹೀಗೆ ಬೆಚ್ಚಗಿವೆ. ಊರಿಗೆಲ್ಲ ಒಂದೇ ಹಂಡೆ. ಅದರ ಒಲೆಗೆ ಸೌದೆ ಹಾಕುವವರೇ ಇಲ್ಲ!

ಇದನ್ನು ಕೇಳಿದವರು, ‘ಪುಣ್ಯವಂತರು, ಪ್ರಕೃತಿ ಅವರಿಗೆ ಕೊಟ್ಟಿದೆ’ ಎಂದು ಹೇಳಿ ಸುಮ್ಮನಾಗುವುದುಂಟು. ಆದರೆ ಪ್ರಕೃತಿ ಕೊಟ್ಟ ಮೇಲೆಯೂ ಆ ಜನರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಿಸಿನೀರಿನ ಪಕ್ಕದಲ್ಲಿಯೇ ಚಳಿಯಿಂದ ನಡುಗುತ್ತ ಬದುಕಿದರೆಂಬುದು ವಿಚಾರ ಮಾಡತಕ್ಕ ಸಂಗತಿ.

ನೆಲದೊಳಗಿನ ಒಲೆ

ಭೂಮಿಯನ್ನು ಎಲ್ಲಿಯೇ ಅಗೆದರೂ ಕೆಳಗೆ ಹೋದಂತೆ ಕಾವು ಏರುತ್ತದೆ. ಸಾಧಾರಣ ನೆಲದಲ್ಲಿ ಒಂದು ಕಿಲೋಮೀಟರ್ ಆಳಕ್ಕೆ ಸುಮಾರು 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಕೆ. ಭೂಮಿ ಹುಟ್ಟಿದಾಗಿನಿಂದ ಉಳಿದ ಶಾಖವೂ, ಶಿಲೆಗಳಲ್ಲಿರುವ ಯುರೇನಿಯಮ್, ಥೋರಿಯಮ್ ಮುಂತಾದ ವಿಕಿರಣಶೀಲ ಧಾತುಗಳು ನಿಧಾನವಾಗಿ ಕ್ಷಯಿಸುವಾಗ ಹೊರಡುವ ಶಾಖವೂ ಇದಕ್ಕೆ ಕಾರಣ. ಐಸ್‌ಲೆಂಡಿನ ನೆಲ ಸಾಧಾರಣವಾದುದಲ್ಲ. ಭೂಮಿಯ ಹೊರಚಿಪ್ಪಿನ ಎರಡು ಮಹಾಫಲಕಗಳು, ಒಂದು ಉತ್ತರ ಅಮೆರಿಕದ್ದು, ಇನ್ನೊಂದು ಯುರೇಷಿಯದ್ದು, ಈ ದ್ವೀಪದ ನಡುವೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಅಗಲುತ್ತಿವೆ. ಆ ಬಿರುಕಿನ ಕೆಳಗೆ ಕರಗಿದ ಶಿಲಾರಸ ಮೇಲಕ್ಕೇರಿ ನಿಲ್ಲುತ್ತದೆ. ಮಳೆಯ ನೀರೂ ಕರಗಿದ ಹಿಮವೂ ಬಂಡೆಯ ಸೀಳುಗಳಲ್ಲಿ ಇಳಿದು, ಆಳದಲ್ಲಿ ಕಾದು, ಹಗುರವಾಗಿ ಮತ್ತೆ ಮೇಲಕ್ಕೆ ಬರುತ್ತವೆ. ಶಿಲೆಯೇ ಒಲೆ, ಸೀಳುಗಳೇ ಹಂಡೆ.

9ನೆಯ ಶತಮಾನದ ಕೊನೆಯ ಭಾಗದಲ್ಲಿ ನಾರ್ವೆ ದೇಶದಿಂದ ಹಡಗಿನಲ್ಲಿ ಬಂದ ಜನರು ಇಲ್ಲಿ ನೆಲಸಿದಾಗ, ಒಂದು ಕೊಲ್ಲಿಯ ದಡದಲ್ಲಿ ನೆಲದಿಂದ ಬಿಳಿಯ ಹಬೆ ಏಳುತ್ತಿದ್ದುದನ್ನು ಕಂಡು ಅದಕ್ಕೆ ‘ಹೊಗೆಯ ಕೊಲ್ಲಿ’ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಅದೇ ರೇಕ್ಯವಿಕ್, ಇಂದಿನ ರಾಜಧಾನಿ. 13ನೆಯ ಶತಮಾನದ ಪ್ರಸಿದ್ಧ ಕವಿ, ಇತಿಹಾಸಕಾರ ಸ್ನೋರಿ ಸ್ಟುರ್ಲುಸನ್ ತನ್ನ ಮನೆಯ ಬಳಿ ಬುಗ್ಗೆಯ ನೀರನ್ನು ಕಾಲುವೆಯಲ್ಲಿ ತಂದು ಸ್ನಾನದ ಕೊಳ ಮಾಡಿಕೊಂಡಿದ್ದ. ಆದರೆ ಸ್ನಾನ, ಬಟ್ಟೆಯ ಒಗೆತ, ಅಲ್ಲಲ್ಲಿ ಅಡುಗೆ, ಇಷ್ಟಕ್ಕೆ ಬುಗ್ಗೆಯ ಉಪಯೋಗ ಮುಗಿಯುತ್ತಿದ್ದಿತು. ಹುಲ್ಲು ಹೊದಿಸಿದ ಮಣ್ಣಿನ ಮನೆಗಳೊಳಗೆ ಬಡವರು ಜವುಗುಮಣ್ಣಿನ ಹೆಂಟೆಗಳನ್ನೂ ಒಣಗಿದ ಕುರಿಗೊಬ್ಬರವನ್ನೂ ಸುಟ್ಟು ಚಳಿ ಕಾಯಿಸಿಕೊಳ್ಳುತ್ತಿದ್ದರು.

ಮಡಿವಾಳ ಹಾದಿ

ರೇಕ್ಯವಿಕ್ ನಗರದ ಅಂಗಡಿಬೀದಿಗಳಲ್ಲಿ ಅತಿ ಮುಖ್ಯವಾದುದರ ಹೆಸರು ‘ಲೌಗವೇಗುರ್’. ಬಟ್ಟೆ ಒಗೆಯುವ ಬುಗ್ಗೆಗಳ ದಾರಿ ಎಂದು ಅದರ ಅರ್ಥ. ಊರಿನಿಂದ ಸುಮಾರು 3 ಕಿಲೋಮೀಟರ್ ದೂರದ ಬಿಸಿನೀರಿನ ಬುಗ್ಗೆಗಳಿಗೆ ಹೆಂಗಸರು ಮೈಲಿಗೆ ಬಟ್ಟೆಯ ಗಂಟುಗಳನ್ನು ಬೆನ್ನಮೇಲೆ ಹೊತ್ತು ನಡೆಯುತ್ತಿದ್ದರು. ಮಂಜು ಬಿದ್ದ ಕಾಲದಲ್ಲಿ ಜಾರುಬಂಡಿಗಳಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಹಿಂತಿರುಗುವಾಗ ಒದ್ದೆಬಟ್ಟೆಯ ಭಾರ. ಕುದಿಯುವ ಬುಗ್ಗೆಯ ಅಂಚಿನಲ್ಲಿ ಕಾಲು ಜಾರಿ ಬಿದ್ದು ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ಬಳಿಕ, 20ನೆಯ ಶತಮಾನದ ಆರಂಭದಲ್ಲಿ, ನಗರದವರು ಬುಗ್ಗೆಗಳ ಮೇಲೆ ಕಬ್ಬಿಣದ ಕಮಾನುಗಳನ್ನು ಕಟ್ಟಿಸಿದರು. ಅವು ಇಂದಿಗೂ ಅಲ್ಲಿ ನೋಡಸಿಗುತ್ತವೆ.

ಇತ್ತ ಊರು ಬೆಳೆದಂತೆ ಪರದೇಶದ ಕಲ್ಲಿದ್ದಲು ಹಡಗುಗಳಲ್ಲಿ ಬಂದಿತು. ಹಬೆಯನ್ನು ಕಂಡು ಹೊಗೆಯೆಂದು ಹೆಸರಿಟ್ಟ ಊರಿನಲ್ಲಿ ನಿಜವಾದ ಹೊಗೆಯೇ ಕವಿಯಿತು. ಚಳಿಗಾಲದ ದಿನಗಳಲ್ಲಿ ಮನೆಗಳ ಮಾಡಿನ ಮೇಲೆ ಕರಿಯ ಮೋಡದಂತೆ ಹೊಗೆ ನಿಂತಿರುತ್ತಿದ್ದುದನ್ನು ಆ ಕಾಲದ ಛಾಯಾಚಿತ್ರಗಳಲ್ಲಿ ಕಾಣಬಹುದು.

ನೀರನ್ನೇ ಮನೆಗೆ ತರಬಾರದೇಕೆ ಎಂಬ ಯೋಚನೆ ಮೊದಲು ಹೊಳೆದದ್ದು ಹಳ್ಳಿಗಾಡಿನ ಒಬ್ಬಿಬ್ಬರು ರೈತರಿಗೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರು ಬುಗ್ಗೆಯಿಂದ ಕೊಳವೆ ಹಾಕಿ ತಮ್ಮ ಮನೆಯನ್ನು ಬೆಚ್ಚಗೆ ಮಾಡಿಕೊಂಡು ತೋರಿಸಿದರು. 1928ರಲ್ಲಿ ರೇಕ್ಯವಿಕ್ಕಿನವರು ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬುಗ್ಗೆಗಳ ಪಕ್ಕದಲ್ಲಿಯೇ ಬಾವಿ ಕೊರೆಯತೊಡಗಿದರು. ಸೆಕೆಂಡಿಗೆ 14 ಲೀಟರಿನಂತೆ 87 ಡಿಗ್ರಿಯ ನೀರು ದೊರೆಯಿತು. 1930ರಲ್ಲಿ 3 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಆ ನೀರು ಊರೊಳಗೆ ಹರಿಯಿತು. ಅದನ್ನು ಮೊದಲು ಕೊಟ್ಟದ್ದು ಶಾಲೆಗೆ, ಆಸ್ಪತ್ರೆಗೆ, ಈಜುಕೊಳಕ್ಕೆ ಮತ್ತು ಸುಮಾರು 60 ಮನೆಗಳಿಗೆ. ಶ್ರೀಮಂತರ ಬಂಗಲೆಗಳಿಗಿಂತ ಮೊದಲು ಮಕ್ಕಳಿಗೂ ರೋಗಿಗಳಿಗೂ ಬೆಚ್ಚನೆಯ ಸೂರು ದೊರೆಯಿತೆಂಬುದು ಗಮನಿಸತಕ್ಕ ಮಾತು.

ಆಮೇಲೆ ಇನ್ನೂ ದೊಡ್ಡ ಸಾಹಸ. ನಗರದಿಂದ ಸುಮಾರು 17 ಕಿಲೋಮೀಟರ್ ಆಚೆಯ ರೇಕಿರ್ ಎಂಬಲ್ಲಿಂದ ನೀರು ತರುವ ಕೆಲಸ ಪ್ರಾರಂಭವಾಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. 1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದಾಗ ಅಲ್ಲಿಂದ ಬರಬೇಕಾಗಿದ್ದ ಸಾಮಗ್ರಿ ಅಲ್ಲಿಯೇ ಉಳಿಯಿತು. ಆದರೂ ಕೆಲಸ ಬಿಡಲಿಲ್ಲ. 1943ರ ಕೊನೆಗೆ ನೀರು ಬಂದಿತು. 1945ರ ವೇಳೆಗೆ ಸುಮಾರು 2,850 ಕಟ್ಟಡಗಳಿಗೆ ಸಂಪರ್ಕ ದೊರೆತು, ಊರಿನ ಮೇಲಿನ ಹೊಗೆ ಸರಿಯತೊಡಗಿತು.

ಮೊದಲ ಬಾವಿಯ ಭಯ

ಹಾಗಾದರೆ ಇಷ್ಟು ತಡವೇಕೆ? ಕಾರಣವನ್ನು ಕರ್ನಾಟಕದ ಬಯಲುಸೀಮೆಯ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಾಲ ಮಾಡಿ ಕೊಳವೆಬಾವಿ ಕೊರೆಸಿದವನಿಗೆ ನೂರಾರು ಅಡಿ ಇಳಿದರೂ ಬರಿಯ ಧೂಳು ಬಂದರೆ, ನೆಲದೊಳಗೆ ಹಾಕಿದ ಹಣ ನೆಲದೊಳಗೇ ಹೋಯಿತು. ಭೂಗರ್ಭದ ಉಷ್ಣವನ್ನು ಹುಡುಕುವವರ ಪಾಡೂ ಇದೇ. ಆದರೆ ಆಳ ಅಡಿಗಳಲ್ಲಲ್ಲ, ಕಿಲೋಮೀಟರುಗಳಲ್ಲಿ. ವೆಚ್ಚ ಸಾವಿರಗಳಲ್ಲಲ್ಲ, ಕೋಟಿಗಳಲ್ಲಿ. ಭೂವಿಜ್ಞಾನಿಗಳು ಮೇಲಿನ ಗುರುತುಗಳನ್ನು ನೋಡಿ ಊಹಿಸಬಲ್ಲರು. ಕೆಳಗೆ ಕಾವಿದೆಯೇ, ಕಾವಿದ್ದರೂ ನೀರಿದೆಯೇ, ನೀರಿದ್ದರೂ ಅದು ಹರಿಯಲು ಸೀಳುಗಳಿವೆಯೇ ಎಂಬುದು ಕೊರೆದ ಮೇಲೆಯೇ ತಿಳಿಯತಕ್ಕದ್ದು. ಒಮ್ಮೆ ಬಾವಿ ಫಲಿಸಿತೆಂದರೆ ಉರುವಲಿನ ವೆಚ್ಚವೇ ಇಲ್ಲ. ಫಲಿಸದಿದ್ದರೆ ಸರ್ವನಾಶ. ಆದ್ದರಿಂದ ಒಬ್ಬ ವ್ಯಕ್ತಿಯಾಗಲಿ, ಒಂದು ಪುಟ್ಟ ಊರಾಗಲಿ ಈ ಜೂಜಿಗೆ ಕೈಹಾಕಲು ಹೆದರುವುದು ಸಹಜ.

ಐಸ್‌ಲೆಂಡಿನ ಜನರು ಈ ಭಯಕ್ಕೆ ಒಂದು ಉಪಾಯ ಹುಡುಕಿದರು. 1967ರಲ್ಲಿ ಹಳೆಯ ಎರಡು ನಿಧಿಗಳನ್ನು ಒಂದುಗೂಡಿಸಿ ಸರಕಾರವು ಒಂದು ಶಕ್ತಿನಿಧಿಯನ್ನು ಸ್ಥಾಪಿಸಿತು. ಬಾವಿ ಕೊರೆಯಬಯಸುವ ಊರಿಗೆ ಈ ನಿಧಿಯಿಂದ ಸಾಲ. ಬಿಸಿನೀರು ದೊರೆತರೆ ಸಾಲವನ್ನು ತೀರಿಸಬೇಕು. ದೊರೆಯದೆ ಹೋದರೆ ಆ ಸಾಲವು ಅನುದಾನವಾಗಿ ಮಾರ್ಪಟ್ಟು ಊರಿನ ತಲೆಯ ಮೇಲಿನ ಹೊರೆ ಇಳಿಯುತ್ತದೆ. ಸೋಲನ್ನು ದೇಶವೆಲ್ಲ ಹಂಚಿಕೊಂಡಿತು. ಗೆಲುವು ಆಯಾ ಊರಿನ ಮನೆಮನೆಗೆ ಸೇರಿತು.

1970ರ ವೇಳೆಗೆ ಅರ್ಧದಷ್ಟು ಜನರು ಇನ್ನೂ ಎಣ್ಣೆ ಉರಿಸಿಯೇ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. 1973ರಲ್ಲಿ ಪೆಟ್ರೋಲಿಯಮ್ ಬೆಲೆ ಗಗನಕ್ಕೇರಿದಾಗ ದೇಶ ಎಚ್ಚೆತ್ತಿತು. ಊರೂರಲ್ಲಿ ಬಾವಿಗಳನ್ನು ಕೊರೆದು, ಹತ್ತು ಹನ್ನೆರಡು ವರ್ಷಗಳೊಳಗೆ ಎಣ್ಣೆಯ ಒಲೆಗಳನ್ನು ಬಹುತೇಕ ಮೂಲೆಗೆ ಸೇರಿಸಿದರು. ಇದಕ್ಕೆ ಬೇಕಾದ ಬುಗ್ಗೆಗಳು ಮೊದಲೂ ಇದ್ದವು. ಹೊಸದಾಗಿ ಬಂದದ್ದು ಜನರ ಒಮ್ಮನಸ್ಸು.

ಬಿಸಿನೀರಿನಿಂದ ಬೆಳಕು

ಮನೆಯನ್ನು ಬೆಚ್ಚಗಿಡಲು 80 ಡಿಗ್ರಿಯ ನೀರು ಸಾಕು. ಆದರೆ ವಿದ್ಯುಚ್ಛಕ್ತಿ ಬೇಕಾದರೆ ಚಕ್ರವನ್ನು ರಭಸದಿಂದ ತಿರುಗಿಸಬಲ್ಲ ಉಗಿ ಬೇಕು. ಸಾಮಾನ್ಯವಾಗಿ 200 ಡಿಗ್ರಿಗೂ ಮೀರಿದ ಕಾವುಳ್ಳ ಆಳದ ಬಾವಿ ಬೇಕು. ಲೋಕದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವನು ಇಟಲಿಯ ರಾಜಕುಮಾರ ಪಿಯೆರೊ ಜಿನೋರಿ ಕಾಂಟಿ. 1904ರಲ್ಲಿ ಲಾರ್ದೆರೆಲ್ಲೊ ಎಂಬಲ್ಲಿ ನೆಲದ ಉಗಿಯಿಂದ ಯಂತ್ರ ನಡೆಸಿ ಅವನು ಬೆಳಗಿಸಿದ್ದು 5 ದೀಪಗಳನ್ನು. 1913ರಲ್ಲಿ ಅಲ್ಲಿಯೇ ವಿದ್ಯುತ್ ಸ್ಥಾವರ ಎದ್ದಿತು.

ಐಸ್‌ಲೆಂಡಿನಲ್ಲಿ ಈ ಕೆಲಸ ಸುಲಭವಾಗಿ ಸಾಗಲಿಲ್ಲ. ಉತ್ತರದ ಕ್ರಾಫ್ಲಾ ಎಂಬಲ್ಲಿ ಸ್ಥಾವರ ಕಟ್ಟುತ್ತಿದ್ದಾಗಲೇ, 1975ರಲ್ಲಿ, ಪಕ್ಕದ ನೆಲ ಬಿರಿದು ಜ್ವಾಲಾಮುಖಿ ಎದ್ದಿತು. 1984ರವರೆಗೆ 9 ಬಾರಿ ಬೆಂಕಿ ಉಕ್ಕಿತು. 1977ರಲ್ಲಿ ಸಮೀಪದ ಒಂದು ಕೊರೆದ ಬಾವಿಯ ಬಾಯಿಂದಲೇ ಶಿಲಾರಸ ಚಿಮ್ಮಿತು! 2009ರಲ್ಲಿ ಅದೇ ಕ್ರಾಫ್ಲಾದಲ್ಲಿ 4 ಕಿಲೋಮೀಟರಿಗೂ ಆಳಕ್ಕೆ ಇಳಿಯಬೇಕೆಂದು ಹೊರಟವರಿಗೆ ಸುಮಾರು 2.1 ಕಿಲೋಮೀಟರಿನಲ್ಲಿಯೇ ಕರಗಿದ ಶಿಲೆ ಎದುರಾಗಿ ಕೆಲಸ ನಿಲ್ಲಿಸಬೇಕಾಯಿತು. ಇಷ್ಟಾದರೂ ಎಂಜಿನಿಯರುಗಳು ಹಿಂದೆಗೆಯಲಿಲ್ಲ. ಇಂದು ದೇಶದ ವಿದ್ಯುತ್ತಿನಲ್ಲಿ ಸುಮಾರು ಕಾಲು ಭಾಗ ನೆಲದ ಉಗಿಯಿಂದ ಬರುತ್ತದೆ; ಉಳಿದುದು ಹೆಚ್ಚಾಗಿ ನದಿಗಳಿಂದ. 2006ರಲ್ಲಿ ಆರಂಭವಾಗಿ ಮುಂದೆ 303 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಹೆಟ್ಲಿಶೇದಿ ಸ್ಥಾವರ ಇವುಗಳಲ್ಲಿ ದೊಡ್ಡದು.

ಇಂತಹ ಸ್ಥಾವರಗಳಲ್ಲಿ ಒಂದು ಗೃಹಿಣಿಯ ಜಾಣತನವಿದೆ. ಅನ್ನ ಬೇಯಿಸಿದ ಒಲೆಯ ಉಳಿದ ಕೆಂಡದಲ್ಲಿ ಹಾಲು ಕಾಯಿಸುವಂತೆ, ಚಕ್ರವನ್ನು ತಿರುಗಿಸಿದ ಮೇಲೆ ಉಳಿಯುವ ಕಾವಿನಿಂದ ತಣ್ಣೀರನ್ನು ಕಾಯಿಸಿ ನಗರಕ್ಕೆ ಕಳುಹಿಸುತ್ತಾರೆ. ಆಳದ ನೀರನ್ನೇ ನೇರವಾಗಿ ಕಳುಹಿಸಿದರೆ ಅದರಲ್ಲಿ ಕರಗಿರುವ ಖನಿಜಗಳು ಕೊಳವೆಯೊಳಗೆ ಹರಳುಗಟ್ಟಿ ದಾರಿಯನ್ನು ಮುಚ್ಚಿಬಿಡುತ್ತವೆ. 1990ರಲ್ಲಿ ಪ್ರಾರಂಭವಾದ ನೆಸ್ಯವೆಟ್ಲಿರ್ ಸ್ಥಾವರದಿಂದ ರಾಜಧಾನಿಗೆ ಬರುವ ಕೊಳವೆಯ ಉದ್ದ 27 ಕಿಲೋಮೀಟರ್. ಅಷ್ಟು ದೂರ ಹಿಮದ ಬಯಲಿನಲ್ಲಿ ಹರಿದು ಬಂದರೂ, ಸುತ್ತ ಹೊದಿಸಿದ ಹೊದಿಕೆಯಿಂದಾಗಿ, ನೀರು ಕಳೆದುಕೊಳ್ಳುವ ಕಾವು ಒಂದೆರಡು ಡಿಗ್ರಿ ಮಾತ್ರ.

ತೆಗೆದಷ್ಟೂ ಮುಗಿಯದ ಭಂಡಾರವೆ?

ಭೂಮಿಯ ಉಷ್ಣ ಅಪಾರವೆಂಬುದು ನಿಜ. ಆದರೆ ಒಂದು ಬಾವಿಗೆ ನಿಲುಕುವ ಉಷ್ಣಕ್ಕೆ ಮಿತಿಯುಂಟು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ‘ಗೀಸರ್ಸ್’ ಎಂಬ ಹೆಸರಿನ ಉಗಿಯ ಕ್ಷೇತ್ರದಲ್ಲಿ 1960ರಿಂದ ವಿದ್ಯುತ್ತು ತಯಾರಾಗುತ್ತಿದೆ. ಸ್ಥಾವರದ ಮೇಲೆ ಸ್ಥಾವರ ಕಟ್ಟಿ ಉಗಿಯನ್ನು ಹೀರಿದ್ದರಿಂದ 1980ರ ದಶಕದ ಕೊನೆಗೆ ಬಾವಿಗಳ ಒತ್ತಡ ಕುಸಿಯಿತು. ಕೆಳಗೆ ಕಾವು ಹಾಗೆಯೇ ಇದ್ದಿತು, ಮುಗಿದದ್ದು ನೀರು. ಕೊನೆಗೆ 1997ರಿಂದ ಸುತ್ತಲಿನ ಊರುಗಳ ಬಚ್ಚಲುನೀರನ್ನು ಶುದ್ಧಿಮಾಡಿ ಕೊಳವೆಯಲ್ಲಿ ತಂದು ಬಂಡೆಯೊಳಕ್ಕೆ ಇಳಿಸಿದರು. ರೇಕ್ಯವಿಕ್ಕಿನ ಹಳೆಯ ಬಾವಿಗಳಲ್ಲಿಯೂ ಮಟ್ಟ ಇಳಿದಿದ್ದಿತು. 1990ರಲ್ಲಿ ಹೊಸ ಸ್ಥಾವರದ ನೀರು ಬಂದು ಅವುಗಳಿಗೆ ಬಿಡುವು ದೊರೆತ ಮೇಲೆ ಮಟ್ಟ ಚೇತರಿಸಿಕೊಂಡಿತು. ಹಸುವಿನ ಕೆಚ್ಚಲನ್ನು ಬರಿದು ಮಾಡಿ ಕರುವಿಗೆ ಬಿಡದವನಿಗೆ ಮುಂದೆ ಹಾಲಿಲ್ಲ ಎಂಬ ಹಳ್ಳಿಯ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಉಗಿಯ ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವೂ, ಸ್ವಲ್ಪ ಇಂಗಾಲದ ಡೈಆಕ್ಸೈಡೂ ಹೊರಬರುತ್ತವೆ. ಹೆಟ್ಲಿಶೇದಿಯಲ್ಲಿ ವಿಜ್ಞಾನಿಗಳು ಇವುಗಳನ್ನು ನೀರಿನಲ್ಲಿ ಕರಗಿಸಿ ಮತ್ತೆ ಕಪ್ಪುಶಿಲೆಯೊಳಕ್ಕೆ ಇಳಿಸುವ ಪ್ರಯೋಗ ಮಾಡಿದರು. ಇಳಿಸಿದ ಇಂಗಾಲದಲ್ಲಿ 100ಕ್ಕೆ 95ರಷ್ಟು ಎರಡು ವರ್ಷಗಳೊಳಗೆ ಕಲ್ಲಾಗಿ ಹೋಯಿತೆಂದು 2016ರಲ್ಲಿ ಪ್ರಕಟವಾದಾಗ ಜಗತ್ತು ಬೆರಗಾಯಿತು.

ಒಲೆ ಕೈಕೊಟ್ಟ ದಿನ

ಇಷ್ಟೆಲ್ಲ ಇದ್ದೂ ಆ ನೆಲದ ಮೇಲಿನ ಬಾಳು ನಿಶ್ಚಿಂತವಾದುದಲ್ಲ. ನೈರುತ್ಯದ ರೇಕ್ಯನೆಸ್ ಪರ್ಯಾಯದ್ವೀಪದಲ್ಲಿ ಸ್ವಾರ್ತ್ಸೆಂಗಿ ಎಂಬ ಸ್ಥಾವರವಿದೆ. 2023ರ ನವೆಂಬರಿನಲ್ಲಿ ಭೂಕಂಪಗಳು ಹೆಚ್ಚಿ, ಪಕ್ಕದ ಗ್ರಿಂದವಿಕ್ ಎಂಬ ಮೀನುಗಾರರ ಊರಿನ 3,000ಕ್ಕೂ ಹೆಚ್ಚು ಜನರು ಒಂದೇ ರಾತ್ರಿಯಲ್ಲಿ ಮನೆ ಬಿಟ್ಟು ಹೊರಟರು. 2024ರ ಫೆಬ್ರವರಿ 8ರಂದು ಮತ್ತೊಮ್ಮೆ ನೆಲ ಬಿರಿಯಿತು. ಹರಿದು ಬಂದ ಲಾವಾರಸವು ಸ್ಥಾವರದಿಂದ ಊರುಗಳಿಗೆ ಹೋಗುವ ಬಿಸಿನೀರಿನ ಹೆಗ್ಗೊಳವೆಯ ಮೇಲೆ ಹಾಯ್ದಿತು. 20,000ಕ್ಕೂ ಹೆಚ್ಚು ಜನರ ಮನೆಗಳು, ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿರುವಾಗ, ತಣ್ಣಗಾದವು. ಶಾಲೆಗಳನ್ನು ಮುಚ್ಚಿದರು. ಎಲ್ಲರೂ ಒಮ್ಮೆಗೇ ವಿದ್ಯುತ್ ಒಲೆ ಹೊತ್ತಿಸಿದರೆ ತಂತಿಗಳೂ ಕೈಕೊಡುವವೆಂದು, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರಿ ಮಿತವಾಗಿ ಉರಿಸಬೇಕಾಯಿತು. ಮುಂಜಾಗ್ರತೆಗಾಗಿ ನೆಲದೊಳಗೆ ಹೂಳಿದ್ದ ಇನ್ನೊಂದು ಕೊಳವೆಯೂ ಲಾವಾದ ಅಡಿಯಲ್ಲಿ ಒಡೆಯಿತು. ಕೆಲಸಗಾರರು ಹಗಲಿರುಳು ದುಡಿದು ಹೊಸ ಕೊಳವೆ ಬೆಸೆದರು. ನಾಲ್ಕೈದು ದಿನಗಳಲ್ಲಿ ನೀರು ಮತ್ತೆ ಬಿಸಿಯಾಗಿ ಹರಿಯಿತು. ಊರಿಗೆಲ್ಲ ಒಂದೇ ಹಂಡೆಯಿದ್ದರೆ ಅದನ್ನು ಕಾಯುವ ಹೊಣೆಯೂ ಊರಿಗೆಲ್ಲ ಸೇರಿದ್ದೆಂಬುದು ಆ ದಿನಗಳಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಭಾರತದ ಬುಗ್ಗೆಗಳು

ಭಾರತದಲ್ಲಿ ಬಿಸಿನೀರಿನ ಬುಗ್ಗೆಗಳು 300ಕ್ಕೂ ಹೆಚ್ಚು. ಹಿಮಾಚಲ ಪ್ರದೇಶದ ಮಣಿಕರಣದಲ್ಲಿ ಗುರುದ್ವಾರದ ದಾಸೋಹಕ್ಕೆ ಬೇಕಾದ ಅನ್ನವನ್ನು ಕುದಿಯುವ ಬುಗ್ಗೆಯಲ್ಲಿಯೇ ಬೇಯಿಸುತ್ತಾರೆ. ಕರ್ನಾಟಕದಲ್ಲಿ ಪುತ್ತೂರಿನ ಸಮೀಪ ಇರ್ದೆಯಲ್ಲಿರುವ ಬೆಂದ್ರು ತೀರ್ಥ ಪ್ರಸಿದ್ಧವಾದುದು. ಆದರೆ ಅದರ ನೀರು ಬೆಚ್ಚಗಿನದು, ಮೀಯಲು ಸಾಕು. ಯಂತ್ರ ನಡೆಸುವ ಕಾವು ಅದಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿರುವ ಸ್ಥಳ ಲಡಾಖಿನ ಪೂಗಾ ಕಣಿವೆ. ಸಮುದ್ರಮಟ್ಟಕ್ಕಿಂತ 4,400 ಮೀಟರ್ ಎತ್ತರದ ಆ ಕಣಿವೆಯಲ್ಲಿ ಹಿಮದ ನಡುವೆ ಹಬೆಯಾಡುತ್ತದೆ. 1970ರ ದಶಕದಲ್ಲಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಅಲ್ಲಿ ಬಾವಿಗಳನ್ನು ಕೊರೆದು ಪರೀಕ್ಷಿಸಿದ್ದರು. ಬಳಿಕ ದಶಕಗಳ ಮೌನ. 2021ರ ಫೆಬ್ರವರಿಯಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ಲಡಾಖಿನ ಆಡಳಿತದೊಡನೆ ಒಪ್ಪಂದ ಮಾಡಿಕೊಂಡು, 1 ಮೆಗಾವಾಟಿನ ಪ್ರಾಯೋಗಿಕ ಸ್ಥಾವರದ ಯೋಜನೆ ಹಾಕಿಕೊಂಡಿತು. 2022ರಲ್ಲಿ ಕೊರೆಯುವಾಗ ಒಳಗಿನ ದ್ರವವು ಉಕ್ಕಿ ಪಕ್ಕದ ತೊರೆಗೆ ಹರಿದು ಕೆಲಸಕ್ಕೆ ತಡೆಯುಂಟಾಯಿತು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಭೂಗರ್ಭ ಉಷ್ಣಶಕ್ತಿಗಾಗಿ ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು.

ಲಡಾಖಿನ ಚಳಿಗಾಲದಲ್ಲಿ ಕಾವು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದು ವಿಶೇಷವಲ್ಲ. ಅಲ್ಲಿನ ಮನೆಗಳಲ್ಲಿ ಬುಖಾರಿ ಎಂಬ ಕಬ್ಬಿಣದ ಒಲೆಗೆ ಸೌದೆ, ಬೆರಣಿ, ಸೀಮೆಎಣ್ಣೆಗಳೇ ಆಹಾರ. ಆ ಜನರಿಗೆ ವಿದ್ಯುತ್ತಿಗಿಂತ ಮೊದಲು ಬೇಕಾದುದು ಬೆಚ್ಚನೆಯ ಕೋಣೆ. ಅದಕ್ಕೆ ಅತ್ಯಂತ ಆಳದ ಬಾವಿಯೂ ಬೇಕಿಲ್ಲ. ರೇಕ್ಯವಿಕ್ಕಿನವರು 1930ರಲ್ಲಿ ಮಾಡಿದಂತೆ ಒಂದು ಶಾಲೆ, ಒಂದು ಆಸ್ಪತ್ರೆಯಿಂದ ತೊಡಗಬಹುದು. ಮೊದಲ ಬಾವಿಗಳು ವಿಫಲವಾದರೆ ನಷ್ಟವನ್ನು ಹೊರುವವರು ಯಾರು, ತೊರೆಯ ನೀರು ಕೆಡದಂತೆ ನೋಡಿಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ನೇರವಾದ ಉತ್ತರ ಸಿಕ್ಕಿದರೆ, ಉಳಿದುದು ಎಂಜಿನಿಯರುಗಳ ಕೆಲಸ.

ಪೂಗಾದ ಬುಗ್ಗೆಗಳಿಂದ ಹಬೆ ಇಂದಿಗೂ ಏಳುತ್ತಿದೆ. ಸ್ವಲ್ಪ ದೂರದಲ್ಲಿಯೇ ಯಾವಳೋ ಒಬ್ಬ ತಾಯಿ, ಬೆಳಗಿನ ಜಾವ ಎಲ್ಲರಿಗಿಂತ ಮುಂಚೆ ಎದ್ದು, ಮಕ್ಕಳು ನಡುಗದಿರಲೆಂದು ಬುಖಾರಿಗೆ ಬೆರಣಿ ಹಾಕಿ, ಹೊಗೆಗೆ ಕಣ್ಣೊರಸಿಕೊಳ್ಳುತ್ತಿದ್ದಾಳೆ.